ನಲ್ಲಿ ನೀರು ಕುಡಿಯಬಹುದಾ? ಉಡುಪಿ ಕಡೆಯ ಸಣ್ಣ ಊರು, ಬಡಾವಣೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ ಸುತ್ತಮುತ್ತ ಒಂದೇ ಮನೆಗೆ ಎರಡು ಮೂರು ಕಡೆಯ ನೀರು ಇರುವುದು ಸಾಮಾನ್ಯ. ಅಂಗಳದಲ್ಲಿ ಬಾವಿ, ಗೇಟಿನ ಹತ್ತಿರ ನಗರಸಭೆಯ ಅಥವಾ ಪಂಚಾಯತ್‌ನ ನಲ್ಲಿ, ಬೇಸಿಗೆ ಕೊನೆಗೆ ಟ್ಯಾಂಕರ್. ಹೊಸದಾಗಿ ಬಾಡಿಗೆಗೆ ಬಂದವರು, ಪಕ್ಕದ ಮನೆಯವರು, ಊರಲ್ಲಿರುವ ಅಪ್ಪ ಅಮ್ಮನ ಚಿಂತೆಯಲ್ಲಿ ಮುಂಬೈಯಿಂದಲೋ ಗಲ್ಫ್‌ನಿಂದಲೋ ಫೋನ್ ಮಾಡುವ ಮಕ್ಕಳು ಈ ನೀರಿನ ಬಗ್ಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ.

ನಮ್ಮ ನಲ್ಲಿಗೆ ನೀರು ಎಲ್ಲಿಂದ ಬರುತ್ತದೆ?

ಉಡುಪಿ ನಗರಕ್ಕೆ, ಮಣಿಪಾಲಕ್ಕೆ ಮುಖ್ಯವಾಗಿ ಸ್ವರ್ಣಾ ನದಿಯ ನೀರು. ಹಿರಿಯಡ್ಕ ಹತ್ತಿರದ ಬಜೆ ಅಣೆಕಟ್ಟಿನಿಂದ ಬರುತ್ತದೆ. ಮಂಗಳೂರಿನವರಿಗೆ ನೇತ್ರಾವತಿಯ ತುಂಬೆ ಕಿಂಡಿ ಅಣೆಕಟ್ಟು ಹೇಗೋ, ನಮಗೆ ಬಜೆ ಹಾಗೆ. ನದಿ ನೀರಿಗೆ ಆಲಂ ಹಾಕಿ ಕೆಸರು ತಳ ಸೇರಿಸುತ್ತಾರೆ, ಮರಳಿನಲ್ಲಿ ಸೋಸುತ್ತಾರೆ, ಕೊನೆಗೆ ಕ್ಲೋರಿನ್ ಸೇರಿಸುತ್ತಾರೆ.

ಹಳ್ಳಿಗಳಲ್ಲಿ ವ್ಯವಸ್ಥೆ ಇದಕ್ಕಿಂತ ಸರಳ. ಸಾರ್ವಜನಿಕ ಬಾವಿ ಅಥವಾ ಕೊಳವೆಬಾವಿ, ಅಲ್ಲಿಂದ ಓವರ್‌ಹೆಡ್ ಟ್ಯಾಂಕ್, ಅಲ್ಲಿಂದ ಮನೆಮನೆಗೆ ಪೈಪ್. ಹೆಚ್ಚಿನ ಕಡೆ ಸೋಸುವ ಘಟಕ ಇರುವುದಿಲ್ಲ. ರೋಗಾಣುಗಳಿಗೆ ಇರುವ ಒಂದೇ ತಡೆ ಕ್ಲೋರಿನ್. ದಿನವೂ ನೀರು ಬಿಡುವವರು ಅದನ್ನು ಸರಿಯಾದ ಪ್ರಮಾಣದಲ್ಲಿ ಹಾಕಿದರೆ ಇಡೀ ಊರಿಗೆ ರಕ್ಷಣೆ, ತಪ್ಪಿದರೆ ಇಡೀ ಊರಿಗೆ ತೊಂದರೆ. ಆ ಕೆಲಸ ಮಾಡುವವರ ಜೊತೆ ಒಳ್ಳೆಯ ಮಾತುಕತೆ ಇಟ್ಟುಕೊಳ್ಳಿ. ಊರಿನ ಪೈಪ್ ಎಲ್ಲಿ ಸೋರುತ್ತದೆ, ಟ್ಯಾಂಕ್ ತೊಳೆದದ್ದು ಯಾವಾಗ ಎಂದು ಅವರಷ್ಟು ಸರಿಯಾಗಿ ಹೇಳುವವರು ಬೇರೆ ಇಲ್ಲ.

ಹಾಗಾದರೆ ನಲ್ಲಿಯಿಂದ ನೇರವಾಗಿ ಕುಡಿಯಬಹುದಾ?

ಬೇಡ. ಕುದಿಸಿ ಅಥವಾ ಒಳ್ಳೆಯ ಫಿಲ್ಟರ್‌ನಲ್ಲಿ ಶುದ್ಧ ಮಾಡಿ ಕುಡಿಯಿರಿ. ಘಟಕದಿಂದ ಹೊರಡುವ ನೀರು ಕೆಟ್ಟದ್ದು ಎಂದು ಇದರ ಅರ್ಥ ಅಲ್ಲ. ತೊಂದರೆ ಆಗುವುದು ದಾರಿಯಲ್ಲಿ.

ನಮ್ಮಲ್ಲಿ ನೀರು 24 ಗಂಟೆ ಬರುವುದಿಲ್ಲ, ಹೊತ್ತು ನೋಡಿ ಬಿಡುತ್ತಾರೆ. ನೀರು ಹರಿಯುವಾಗ ಪೈಪಿನೊಳಗೆ ಒತ್ತಡ ಇರುತ್ತದೆ. ಬಿರುಕು ಇದ್ದರೂ ಒಳಗಿನ ನೀರು ಹೊರಗೆ ಹೋಗುತ್ತದೆ ಅಷ್ಟೆ. ನೀರು ನಿಲ್ಲಿಸಿದಾಗ ಒತ್ತಡ ಬಿದ್ದುಹೋಗುತ್ತದೆ. ಆಗ ಅದೇ ಬಿರುಕಿನಿಂದ ಸುತ್ತಲಿನ ಕೆಸರು ನೀರು, ಚರಂಡಿ ನೀರು ಒಳಗೆ ಬರುತ್ತದೆ. ಮರುದಿನ ನೀರು ಬಿಟ್ಟಾಗ ಮೊದಲು ಬರುವುದು ಅದೇ. ಹಾಗಾಗಿ ನಲ್ಲಿ ತೆರೆದ ಕೂಡಲೇ ಬರುವ ನೀರನ್ನು ಕುಡಿಯಲು ಹಿಡಿಯಬೇಡಿ. ಗಿಡಕ್ಕೆ ಬಿಡಿ, ಅಂಗಳಕ್ಕೆ ಬಿಡಿ, ಸ್ವಲ್ಪ ಹೊತ್ತು ಹರಿದ ಮೇಲೆ ಹಿಡಿಯಿರಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ನೀರು ನಿಧಾನ ಬರುತ್ತದೆ ಎಂದು ಕೆಲವರು ಸಾರ್ವಜನಿಕ ಲೈನಿಗೆ ನೇರವಾಗಿ ಮೋಟಾರ್ ಹಚ್ಚುತ್ತಾರೆ. ನೆರೆಮನೆಯ ಪಾಲು ಕಸಿದುಕೊಂಡ ಹಾಗೆ ಆಗುವುದು ಒಂದು. ಅದಕ್ಕಿಂತ ದೊಡ್ಡ ತೊಂದರೆ ಏನೆಂದರೆ, ಮೋಟಾರ್ ಎಳೆಯುವ ರಭಸಕ್ಕೆ ಪೈಪಿನ ಬಿರುಕುಗಳಿಂದ ಹೊಲಸು ಒಳಗೆ ಬರುತ್ತದೆ. ಅದನ್ನು ಆ ಲೈನಿನ ಎಲ್ಲ ಮನೆಯವರೂ ಕುಡಿಯಬೇಕು. ದಯವಿಟ್ಟು ಇದನ್ನು ಮಾಡಬೇಡಿ. ಸಂಪ್ ಕಟ್ಟಿಸಿ ಅದರಿಂದ ಮೇಲೆತ್ತಿಕೊಳ್ಳಿ.

ಟಿಡಿಎಸ್ ಮೀಟರ್‌ನಲ್ಲಿ 60 ತೋರಿಸಿತು. ಅಂದರೆ ನೀರು ತುಂಬಾ ಶುದ್ಧ ಅಲ್ವಾ?

ಅಲ್ಲ. ಈ ಭಾಗದಲ್ಲಿ ಅತಿ ಹೆಚ್ಚು ಜನ ದಾರಿ ತಪ್ಪುವುದು ಇದೇ ವಿಷಯದಲ್ಲಿ.

ಟಿಡಿಎಸ್ ಎಂದರೆ ನೀರಿನಲ್ಲಿ ಕರಗಿದ ಲವಣಗಳ ಅಳತೆ. ಮೀಟರ್ ಅಳೆಯುವುದು ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದನ್ನು ಮಾತ್ರ. ಅದಕ್ಕೆ ಬ್ಯಾಕ್ಟೀರಿಯಾ ಕಾಣುವುದಿಲ್ಲ, ವೈರಸ್ ಕಾಣುವುದಿಲ್ಲ. ಕರಾವಳಿಯ ನೀರು ಮಳೆಯಿಂದ ಬಂದದ್ದು. ಮುರಕಲ್ಲಿನಲ್ಲಿ, ಅಂದರೆ ಇಲ್ಲಿನ ಕೆಂಪು ಜಂಬಿಟ್ಟಿಗೆ ಕಲ್ಲಿನಲ್ಲಿ, ಇಳಿಯುವಾಗ ಅದರಲ್ಲಿ ಕರಗುವ ಲವಣ ಕಡಿಮೆ. ಬಯಲುಸೀಮೆಯಿಂದ ಬಂದವರಿಗೆ ಇಲ್ಲಿ ಸ್ನಾನ ಮಾಡಿದರೆ ಸೋಪಿನ ಜಾರು ಹೋಗುವುದೇ ಇಲ್ಲ ಅನಿಸುತ್ತದಲ್ಲ, ಅದು ಇದೇ ಕಾರಣಕ್ಕೆ. ನಮ್ಮ ನೀರು ಅಷ್ಟು ಮೆದು. ಸಮುದ್ರದ ಬದಿ ಬಿಟ್ಟರೆ ಉಳಿದ ಕಡೆ ಮೀಟರ್ ಯಾವಾಗಲೂ ಕಡಿಮೆ ಸಂಖ್ಯೆಯನ್ನೇ ತೋರಿಸುತ್ತದೆ. ಬಾವಿಗೆ ಶೌಚ ಗುಂಡಿಯ ನೀರು ಸ್ವಲ್ಪ ಸೇರಿದರೂ ಸಂಖ್ಯೆ ಅಷ್ಟೇನೂ ಬದಲಾಗದೆ ಇರಬಹುದು.

ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಐಎಸ್ 10500. ಅದರ ಪ್ರಕಾರ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ಮೂಲ ಇಲ್ಲದಿದ್ದರೆ 2,000ದವರೆಗೆ ನಡೆಯುತ್ತದೆ. ನೀರಿಗೆ ಮಲ ಸೇರಿದೆ ಎಂದು ತೋರಿಸುವ ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಅಂಥ ಯಾವ ರಿಯಾಯಿತಿಯೂ ಇಲ್ಲ. 100 ಮಿಲಿಲೀಟರ್ ನೀರಿನಲ್ಲಿ ಒಂದೂ ಸಿಗಬಾರದು. ನಮ್ಮ ಊರಿನ ಮಟ್ಟಿಗೆ ಕೇಳಬೇಕಾದ ಮೊದಲ ಪ್ರಶ್ನೆ ಇದು, ಟಿಡಿಎಸ್ ಅಲ್ಲ.

ಮನೆಗೆ ಆರ್‌ಒ ಬೇಕಾ?

ಉಪ್ಪು ನೀರಿನ ಜಾಗ ಅಲ್ಲದಿದ್ದರೆ ಬೇಡ. ಆರ್‌ಒ ಮುಖ್ಯವಾಗಿ ಲವಣ ತೆಗೆಯುವ ಯಂತ್ರ. ಇಲ್ಲದ ಲವಣ ತೆಗೆಯಲು ದುಡ್ಡು ಖರ್ಚು, ಮೇಲಿಂದ ಒಂದು ಲೀಟರ್ ಶುದ್ಧ ನೀರಿಗೆ ಎರಡು ಮೂರು ಲೀಟರ್ ಚರಂಡಿಗೆ. ನಮ್ಮಲ್ಲಿ ಬೇಕಾದದ್ದು ಕೆಸರು ಸೋಸಿ ರೋಗಾಣು ಕೊಲ್ಲುವ ಸಾಧನ. ಯುಎಫ್ (ಸೂಕ್ಷ್ಮ ರಂಧ್ರದ ಪೊರೆಯಲ್ಲಿ ಸೋಸುವುದು) ಮತ್ತು ಯುವಿ (ಅತಿನೇರಳೆ ಬೆಳಕಿನಿಂದ ರೋಗಾಣು ಕೊಲ್ಲುವುದು) ಇರುವ ಫಿಲ್ಟರ್ ಸಾಕು. ಯುವಿಗೆ ಹೋಗುವ ನೀರು ತಿಳಿಯಾಗಿರಬೇಕು, ಕಲಕು ನೀರಿನಲ್ಲಿ ಬೆಳಕು ರೋಗಾಣುವಿನ ತನಕ ತಲುಪುವುದಿಲ್ಲ. ಕಾರ್ಟ್ರಿಜ್ ಸಮಯಕ್ಕೆ ಸರಿಯಾಗಿ ಬದಲಿಸಿ.

ಎಷ್ಟು ಹೊತ್ತು ಕುದಿಸಬೇಕು?

ಬಿಸಿ ಆದರೆ ಸಾಲದು. ಗುಳ್ಳೆ ಬಂದು ಕೊತಕೊತ ಕುದಿಯಬೇಕು. ಹಾಗೆ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಬಿಟ್ಟರೆ ಸಾಕು. ಹತ್ತು ನಿಮಿಷ ಕುದಿಸಿ ಗ್ಯಾಸ್ ಮುಗಿಸುವ ಅಗತ್ಯ ಇಲ್ಲ. ಕುದಿಸಿದ ಪಾತ್ರೆಯಲ್ಲೇ ಮುಚ್ಚಿ ಆರಿಸಿ. ಬೇರೆ ಪಾತ್ರೆಗೆ ಸುರಿದು, ಕೈ ಅದ್ದಿ ಲೋಟದಲ್ಲಿ ಮೊಗೆದರೆ ಮಾಡಿದ ಕೆಲಸ ಹಾಳು. ಕುದಿಸಿದ ನೀರಿಗೆ ತಣ್ಣೀರು ಬೆರೆಸಿ ಉಗುರು ಬೆಚ್ಚಗೆ ಮಾಡಿ ಕೊಡುವ ಅಭ್ಯಾಸ ತುಂಬಾ ಮನೆಗಳಲ್ಲಿದೆ, ಮಕ್ಕಳಿಗಂತೂ ಜಾಸ್ತಿ. ಹೀಗೆ ಮಾಡಬೇಡಿ.

ಕುದಿಸಿದರೆ ಉಪ್ಪು, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟು ಅವು ಇನ್ನೂ ದಟ್ಟ ಆಗುತ್ತವೆ.

ನಲ್ಲಿ ನೀರು ಬ್ಲೀಚಿಂಗ್ ವಾಸನೆ ಬರುತ್ತದೆ. ಹಾನಿಯಾ?

ಸಣ್ಣ ವಾಸನೆ ಇದ್ದರೆ ಸಮಾಧಾನ ಪಡಿ. ದಾರಿಯಲ್ಲಿ ಸೇರುವ ರೋಗಾಣುಗಳನ್ನು ಎದುರಿಸಲು ನೀರಿನಲ್ಲಿ ಸ್ವಲ್ಪ ಕ್ಲೋರಿನ್ ಉಳಿದಿರಲೇಬೇಕು. ನಲ್ಲಿಯ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು ಎನ್ನುತ್ತದೆ ಮಾನದಂಡ, ಹೆಚ್ಚೆಂದರೆ 1 ಮಿಲಿಗ್ರಾಂ. ವಾಸನೆ ಆಗದವರು ನೀರನ್ನು ಕೆಲವು ಗಂಟೆ ತೆಳು ಬಟ್ಟೆ ಮುಚ್ಚಿ ಇಟ್ಟರೆ ಅಥವಾ ಕುದಿಸಿದರೆ ಅದು ಹೋಗುತ್ತದೆ.

ದಿನವೂ ಬರುತ್ತಿದ್ದ ವಾಸನೆ ಇದ್ದಕ್ಕಿದ್ದಂತೆ ನಿಂತರೆ, ವಿಶೇಷವಾಗಿ ಮಳೆಗಾಲದಲ್ಲಿ, ಕೇಳಬೇಕಾದದ್ದು ಆಗ. ಒಂದೋ ಕ್ಲೋರಿನ್ ಹಾಕಿಲ್ಲ, ಇಲ್ಲ ಹೊಲಸು ಜಾಸ್ತಿ ಸೇರಿ ಹಾಕಿದ ಕ್ಲೋರಿನ್ ಅದಕ್ಕೇ ಮುಗಿದಿದೆ. ಪರೀಕ್ಷೆಗೆ ಕ್ಲೋರೋಸ್ಕೋಪ್ ಎಂಬ ಸಣ್ಣ ಕಿಟ್ ಸಿಗುತ್ತದೆ. ನೀರಿಗೆ ಹನಿ ಹಾಕಿ ಬಣ್ಣ ಹೋಲಿಸಿ ನೋಡುವುದು, ಎರಡು ನಿಮಿಷದ ಕೆಲಸ. ಪೈಪ್ ಲೈನಿನ ಕೊನೆಯ ಮನೆಯಲ್ಲಿ ಪರೀಕ್ಷಿಸಿ. ಅಲ್ಲಿ ಕ್ಲೋರಿನ್ ಇದ್ದರೆ ಹಿಂದಿನ ಮನೆಗಳಲ್ಲಿ ಹೆಚ್ಚು ಕಡಿಮೆ ಇದ್ದೇ ಇರುತ್ತದೆ.

ಮೊದಲ ಮಳೆ ಆದ ಮೇಲೆ ಬಾವಿ ನೀರು ಕುಡಿದರೆ ಹೊಟ್ಟೆ ಕೆಡುತ್ತದೆ. ಯಾಕೆ?

ಬೇಸಿಗೆಯಿಡೀ ನೆಲದ ಮೇಲೆ, ಚರಂಡಿಯಲ್ಲಿ ಒಣಗಿ ಕೂತ ಕೊಳೆಯನ್ನು ಮೊದಲ ಮಳೆ ಒಟ್ಟಿಗೆ ತೊಳೆದು ತರುತ್ತದೆ. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆ ಕಳೆದು ಮಳೆ ಹಿಡಿಯುವ ಆ ಕೆಲವು ವಾರಗಳು ವರ್ಷದಲ್ಲೇ ಹೆಚ್ಚು ಎಚ್ಚರ ಬೇಕಾದ ಹೊತ್ತು. ಆಮೇಲೆ ಜುಲೈಯಲ್ಲಿ ಬಾವಿ ತುಂಬಿ ನೀರು ಕೈಗೆ ಸಿಗುವಷ್ಟು ಮೇಲೆ ಬರುತ್ತದೆ. ಅದೇ ಹೊತ್ತಿಗೆ ಶೌಚ ಗುಂಡಿಯೂ ತುಂಬಿರುತ್ತದೆ. ಎರಡರ ನಡುವೆ ಇರುವುದು ಮುರಕಲ್ಲು. ಅದರ ತುಂಬ ರಂಧ್ರ, ಬಿರುಕು. ನೀರು ಅದರಲ್ಲಿ ಸೋಸಿಕೊಂಡು ನಿಧಾನ ಹೋಗುವುದಿಲ್ಲ, ಸಲೀಸಾಗಿ ದಾಟಿ ಹೋಗುತ್ತದೆ.

ಬಾವಿಗೂ ಶೌಚ ಗುಂಡಿಗೂ ಕನಿಷ್ಠ 15 ಮೀಟರ್ ದೂರ ಇರಬೇಕು ಎಂದು ಹೇಳುತ್ತಾರೆ. ಈಗ ಲೆಕ್ಕ ಹಾಕಿ. 5 ಸೆಂಟ್ಸ್ ಜಾಗ ಎಂದರೆ ಸುಮಾರು 200 ಚದರ ಮೀಟರ್. ಚೌಕವಾಗಿದ್ದರೆ ಉದ್ದ ಅಗಲ 14 ಮೀಟರ್ ಚಿಲ್ಲರೆ. ಅದರಲ್ಲೇ ಮನೆ, ಬಾವಿ, ಗುಂಡಿ. ನಿಮ್ಮ ಗುಂಡಿ ದೂರ ಇದ್ದರೂ ಪಕ್ಕದ ಮನೆಯದ್ದು ನಿಮ್ಮ ಬಾವಿಗೆ ಹತ್ತಿರ. ಒಬ್ಬೊಬ್ಬರೇ ಸರಿ ಮಾಡಿಕೊಳ್ಳಲು ಆಗದ ವಿಷಯ ಇದು. ನಾಲ್ಕು ಮನೆಯವರು ಕೂತು ಯಾರ ಬಾವಿ ಎಲ್ಲಿ, ಯಾರ ಗುಂಡಿ ಎಲ್ಲಿ ಎಂದು ಒಂದು ಹಾಳೆಯಲ್ಲಿ ಬರೆದು ನೋಡಿ. ಹೊಸ ಮನೆ ಕಟ್ಟುವವರಿಗೆ ತಳ ಸಿಮೆಂಟ್ ಮಾಡಿದ ಸೆಪ್ಟಿಕ್ ಟ್ಯಾಂಕನ್ನೇ ಕಟ್ಟುವಂತೆ ಹೇಳಿ. ಜಗಳ ಆಗುತ್ತದೆ ಎಂದು ಸುಮ್ನೆ ಇರಬೇಡಿ.

ಬಾವಿಯ ಕಟ್ಟೆ ಎತ್ತರ ಇರಲಿ. ಸುತ್ತ ಹೊರಗೆ ಇಳಿಜಾರಾದ ಸಿಮೆಂಟ್ ನೆಲ ಇರಲಿ. ಮೇಲಿನ ಮೂರು ಮೀಟರ್ ಗೋಡೆಯ ಸಂದು ಮುಚ್ಚಿಸಿ, ಮೇಲ್ಮೈ ನೀರು ಇಳಿಯುವುದು ಅಲ್ಲಿಂದಲೇ. ಛಾವಣಿಯ ಮಳೆನೀರನ್ನು ಬಾವಿಗೆ ಬಿಡುವವರು ಮೊದಲ ಕೆಲವು ಮಳೆಯನ್ನು ಹೊರಗೆ ಬಿಡಿ, ಆಮೇಲೂ ಸೋಸಿಯೇ ಬಿಡಿ.

ಮಳೆಗಾಲದಲ್ಲಿ ಬಾವಿ ನೀರು ಹಾಲಿನ ಬಣ್ಣಕ್ಕೆ ತಿರುಗಿದರೆ ಅದು ಮುರಕಲ್ಲಿನ ಕೆಳಗಿನ ಶೇಡಿ ಮಣ್ಣು ಇರಬಹುದು. ಅದರಿಂದ ರೋಗ ಬರುವುದಿಲ್ಲ. ಆದರೆ ಅಂಥ ನೀರಿನಲ್ಲಿ ಕ್ಲೋರಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಮೊದಲು ತಿಳಿಯಾಗಲು ಬಿಡಿ.

ಬಾವಿಗೆ ಎಷ್ಟು ಬ್ಲೀಚಿಂಗ್ ಪೌಡರ್ ಹಾಕಬೇಕು?

ಅಂದಾಜಿನಲ್ಲಿ ಒಂದು ಮುಷ್ಟಿ ಎಸೆಯಬೇಡಿ. 1,000 ಲೀಟರಿಗೆ 2.5 ಗ್ರಾಂ ಒಳ್ಳೆಯ ಪೌಡರ್, ಇದು ಲೆಕ್ಕ. ಬಾವಿಯಲ್ಲಿ ಎಷ್ಟು ನೀರಿದೆ ಎಂದು ತಿಳಿಯಲು ಬಾವಿಯ ವ್ಯಾಸವನ್ನು ಮೀಟರ್‌ನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ. ಅದನ್ನು ನೀರಿನ ಆಳದಿಂದ ಗುಣಿಸಿ, ಮತ್ತೆ 785ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. 2 ಮೀಟರ್ ವ್ಯಾಸದ ಬಾವಿಯಲ್ಲಿ 3 ಮೀಟರ್ ನೀರಿದ್ದರೆ 9,420 ಲೀಟರ್. ಅದಕ್ಕೆ ಸುಮಾರು 24 ಗ್ರಾಂ. ಅದೇ ಬಾವಿಯಲ್ಲಿ ಮಳೆಗಾಲದಲ್ಲಿ 6 ಮೀಟರ್ ನೀರಿದ್ದರೆ ಎರಡು ಪಾಲು.

ಪೌಡರನ್ನು ಬಕೆಟ್‌ನಲ್ಲಿ ಸ್ವಲ್ಪ ನೀರು ಹಾಕಿ ಕಲಸಿ, ಆಮೇಲೆ ಮುಕ್ಕಾಲು ಬಕೆಟ್ ನೀರು ತುಂಬಿ, ಹತ್ತು ನಿಮಿಷ ಬಿಡಿ. ಸುಣ್ಣ ತಳ ಸೇರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್‌ಗೆ ಬಗ್ಗಿಸಿ ಬಾವಿಗೆ ಇಳಿಸಿ, ನೀರಿನೊಳಗೆ ಮೇಲೆ ಕೆಳಗೆ ಚೆನ್ನಾಗಿ ಆಡಿಸಿ. ಕನಿಷ್ಠ ಒಂದು ಗಂಟೆ ನೀರು ಸೇದಬಾರದು. ರಾತ್ರಿ ಊಟ ಮುಗಿದ ಮೇಲೆ ಹಾಕಿದರೆ ಅನುಕೂಲ. ಮೂಗಿಗೆ, ಕಣ್ಣಿಗೆ ಬಟ್ಟೆ, ಕನ್ನಡಕ ಇರಲಿ.

ನಮ್ಮ ಕರಾವಳಿಯ ತೇವಕ್ಕೆ ತೆರೆದಿಟ್ಟ ಪೌಡರ್ ಬೇಗ ಶಕ್ತಿ ಕಳೆದುಕೊಳ್ಳುತ್ತದೆ. ಕಳೆದ ವರ್ಷದ ಪ್ಯಾಕೆಟ್ ಗಟ್ಟಿಯಾಗಿ, ವಾಸನೆ ಇಲ್ಲದೆ ಇದ್ದರೆ ಅದನ್ನು ನಂಬಬೇಡಿ.

ನೀರು ಹಿಡಿದಿಟ್ಟರೆ ಕೆಂಪಾಗುತ್ತದೆ, ಚಹಾ ಕಪ್ಪಾಗುತ್ತದೆ.

ಕಬ್ಬಿಣದ ಅಂಶ. ಕೊಳವೆಬಾವಿಯಿಂದ ಬರುವಾಗ ತಿಳಿಯಾಗಿರುತ್ತದೆ, ಗಾಳಿ ತಾಗಿದ ಮೇಲೆ ಕೆಂಪಾಗುತ್ತದೆ. ಚಹಾದ ಒಗರಿನ ಜೊತೆ ಸೇರಿ ಕಪ್ಪು. ಇದು ಬಟ್ಟೆ, ಪಾತ್ರೆ, ರುಚಿ ಕೆಡಿಸುತ್ತದೆ, ಆದರೆ ಸಾಮಾನ್ಯ ಪ್ರಮಾಣದಲ್ಲಿ ಆರೋಗ್ಯಕ್ಕೆ ದೊಡ್ಡ ಅಪಾಯ ಅಲ್ಲ. ಎತ್ತರದಿಂದ ತೆಳ್ಳಗೆ ಬೀಳುವಂತೆ ಮಾಡಿ ಗಾಳಿ ತಾಗಿಸಿ, ರಾತ್ರಿಯಿಡೀ ನಿಲ್ಲಿಸಿ, ಮರಳಿನಲ್ಲಿ ಸೋಸಿದರೆ ತುಂಬಾ ಕಡಿಮೆ ಆಗುತ್ತದೆ. ನಲ್ಲಿ ನೀರು ಬೆಳಿಗ್ಗೆ ಮಾತ್ರ ಕೆಂಪಾಗಿ ಬರುವುದಾದರೆ ನಿಮ್ಮ ಹಳೆಯ ಕಬ್ಬಿಣದ ಪೈಪನ್ನು ನೋಡಿ. ನಮ್ಮ ನೀರು ಸ್ವಲ್ಪ ಆಮ್ಲೀಯ. ಮುರಕಲ್ಲಿನ ಬಾವಿಗಳಲ್ಲಿ ಪಿಎಚ್ (ಆಮ್ಲೀಯತೆಯ ಅಳತೆ, 7ಕ್ಕಿಂತ ಕಡಿಮೆ ಇದ್ದರೆ ಆಮ್ಲೀಯ) 6.5ಕ್ಕಿಂತ ಕೆಳಗಿರುವುದು ಸಾಮಾನ್ಯ. ಅದು ಲೋಹವನ್ನು ನಿಧಾನ ತಿನ್ನುತ್ತದೆ.

ಹಾಗಾದರೆ ತಾಮ್ರದ ಕೊಡದಲ್ಲಿ ಇಡುವುದು?

ತಾಮ್ರಕ್ಕೆ ಬ್ಯಾಕ್ಟೀರಿಯಾ ಕೊಲ್ಲುವ ಗುಣ ನಿಜವಾಗಿಯೂ ಇದೆ. ಬೆಂಗಳೂರಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 16 ಗಂಟೆ ಇಟ್ಟ ನೀರಿನಲ್ಲಿ ಭೇದಿ ತರುವ ಬ್ಯಾಕ್ಟೀರಿಯಾ ಉಳಿದಿರಲಿಲ್ಲ. ಆದರೆ ಸಂಜೆ ತುಂಬಿಸಿ ರಾತ್ರಿ ಊಟಕ್ಕೆ ಕುಡಿದರೆ ಆ ಲಾಭ ಇಲ್ಲ. ಆಮ್ಲೀಯ ನೀರನ್ನು ದಿನಗಟ್ಟಲೆ ಇಟ್ಟರೆ ತಾಮ್ರ ಜಾಸ್ತಿ ಕರಗುತ್ತದೆ. ಕುದಿಸಿ ಆರಿಸಿದ ನೀರನ್ನು ದಿನಕ್ಕೊಮ್ಮೆ ಬದಲಿಸಿ ಇಡಿ, ಸಾಕು.

ಮಲ್ಪೆ, ಕೋಡಿ ಬೆಂಗ್ರೆ ಕಡೆ ಬಾವಿ ನೀರು ಬೇಸಿಗೆಯಲ್ಲಿ ಉಪ್ಪಾಗುವುದು ಯಾಕೆ?

ನೆಲದೊಳಗೆ ಸಿಹಿನೀರು ಸಮುದ್ರದ ನೀರನ್ನು ತಡೆದು ನಿಲ್ಲಿಸಿರುತ್ತದೆ. ಬೇಸಿಗೆಯಲ್ಲಿ ಸಿಹಿನೀರು ಇಳಿದಾಗ, ಪಂಪು ಜಾಸ್ತಿ ಓಡಿದಾಗ, ಉಪ್ಪು ನೀರು ಒಳಗೆ ಬರುತ್ತದೆ. ಹೊಳೆಯ ಭರತ ಇಳಿತ ತಲುಪುವ ಜಾಗಗಳಲ್ಲೂ ಹೀಗೆಯೇ. ಮಳೆಗಾಲ ಮುಗಿಯುತ್ತಿದ್ದಂತೆ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿದರೆ ಸುತ್ತಲಿನ ಬಾವಿಗಳು ಬಹಳ ದಿನ ಸಿಹಿಯಾಗಿರುತ್ತವೆ. ಹಲಗೆ ಹಾಕುವುದು ತಡವಾದರೆ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಕೇಳಿ. ರಕ್ತದೊತ್ತಡ ಇರುವವರು, ಕಿಡ್ನಿ ತೊಂದರೆ ಇರುವವರು ಉಪ್ಪಾದ ನೀರು ಕುಡಿಯಬಾರದು. ಆರ್‌ಒ ಬೇಕಾಗುವುದು ಇಂಥ ಮನೆಗಳಿಗೆ.

ಟ್ಯಾಂಕರ್ ನೀರನ್ನು ನಂಬಬಹುದಾ?

2019ರ ಬೇಸಿಗೆಯಲ್ಲಿ ಬಜೆಯಲ್ಲಿ ನೀರು ತಳ ಕಂಡು ನಗರದಲ್ಲಿ ಸರದಿ ಪ್ರಕಾರ ನೀರು ಬಿಡಬೇಕಾಯಿತು. ಅಂಥ ಹೊತ್ತಿನಲ್ಲಿ ಟ್ಯಾಂಕರ್ ಬೇಡ ಎನ್ನಲು ಆಗುವುದಿಲ್ಲ. ಯಾವ ಬಾವಿಯದ್ದು ಎಂದು ಕೇಳಿ. ಸಂಪ್‌ಗೆ ಇಳಿಸಿದ ಮೇಲೆ ಕ್ಲೋರಿನ್ ಸೇರಿಸಿ. ಕುಡಿಯಲು ಕುದಿಸದೆ ಬಳಸಬೇಡಿ. ಫ್ಲ್ಯಾಟ್‌ಗಳಲ್ಲಿ ನಗರಸಭೆ ನೀರು, ಕೊಳವೆಬಾವಿ ನೀರು, ಟ್ಯಾಂಕರ್ ನೀರು ಎಲ್ಲ ಒಂದೇ ಸಂಪ್‌ಗೆ ಸೇರುತ್ತದೆ. ನಗರಸಭೆ ನೀರಿನಲ್ಲಿದ್ದ ಕ್ಲೋರಿನ್ ಅಲ್ಲಿಗೆ ಮುಗಿಯುತ್ತದೆ. ಸಾಧ್ಯವಾದರೆ ಕುಡಿಯುವ ನೀರಿಗೆ ಬೇರೆ ಟ್ಯಾಂಕ್, ಬೇರೆ ಲೈನ್ ಇಡಿ.

ಮನೆಯ ಟ್ಯಾಂಕ್ ಎಷ್ಟು ಸಲ ತೊಳೆಯಬೇಕು?

ಆರು ತಿಂಗಳಿಗೊಮ್ಮೆ. ಮಳೆಗಾಲ ಮುಗಿದ ಮೇಲೆ ಒಂದು ಸಲ ತಪ್ಪದೆ. ಖಾಲಿ ಮಾಡಿ, ಉಜ್ಜಿ, ಕೆಸರು ತೆಗೆದು, ಮತ್ತೆ ತುಂಬಿ 1,000 ಲೀಟರಿಗೆ 150ರಿಂದ 200 ಗ್ರಾಂ ಬ್ಲೀಚಿಂಗ್ ಪೌಡರಿನ ತಿಳಿ ಸೇರಿಸಿ ಒಂದು ದಿನ ಬಿಡಿ. ಎಲ್ಲ ನಲ್ಲಿಗಳನ್ನೂ ಸ್ವಲ್ಪ ತೆರೆದು ಆ ನೀರು ಪೈಪ್‌ಗಳಿಗೂ ಹೋಗಲಿ. ಆ ದಿನ ಅದನ್ನು ಯಾರೂ ಬಳಸಬಾರದು. ಆಮೇಲೆ ಪೂರ್ತಿ ಚೆಲ್ಲಿ, ಹೊಸ ನೀರು ತುಂಬಿ. ಮುಚ್ಚಳ ಭದ್ರ ಇರಲಿ, ಗಾಳಿ ಕೊಳವೆಗೆ ಸಣ್ಣ ಬಲೆ ಇರಲಿ. ತೆರೆದ ಟ್ಯಾಂಕ್, ಡ್ರಮ್ ಎಂದರೆ ಡೆಂಗಿ ಸೊಳ್ಳೆಯ ಮನೆ. ಹಿಡಿದಿಟ್ಟ ನೀರನ್ನು ವಾರಕ್ಕೊಮ್ಮೆ ಖಾಲಿ ಮಾಡಿ ಪಾತ್ರೆ ಉಜ್ಜಿ.

ನೀರಿನ ಪರೀಕ್ಷೆ ಎಲ್ಲಿ, ಹೇಗೆ?

ಗ್ರಾಮೀಣ ಭಾಗದವರು ಮೊದಲು ಪಂಚಾಯತ್‌ಗೆ ಹೋಗಿ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಅಡಿಯಲ್ಲಿ, ಅಂದರೆ ನಮ್ಮಲ್ಲಿ ಮನೆ ಮನೆಗೆ ಗಂಗೆ ಎಂದು ಕರೆಯುವ ಯೋಜನೆಯಲ್ಲಿ, ಪ್ರತಿ ಗ್ರಾಮದ 5 ಮಹಿಳೆಯರಿಗೆ ಕಿಟ್ ಬಳಸಿ ನೀರು ಪರೀಕ್ಷಿಸುವ ತರಬೇತಿ ಕೊಡಬೇಕು. ವರ್ಷಕ್ಕೆ ಒಮ್ಮೆ ರಾಸಾಯನಿಕ ಪರೀಕ್ಷೆ, ಎರಡು ಸಲ, ಮಳೆಗೆ ಮೊದಲು ಮತ್ತು ನಂತರ, ರೋಗಾಣು ಪರೀಕ್ಷೆ ಆಗಬೇಕು. ನಿಮ್ಮ ಊರಿನ ವರದಿ ಕೇಳಿ ನೋಡಿ, ಅದು ನಿಮ್ಮ ಹಕ್ಕು. ಯೋಜನೆಯ ಪ್ರಯೋಗಾಲಯಗಳಲ್ಲಿ ಜನರೂ ಸಣ್ಣ ಶುಲ್ಕಕ್ಕೆ ಪರೀಕ್ಷೆ ಮಾಡಿಸಬಹುದು.

ಮನೆಯಲ್ಲೇ ನೋಡಲು ಎಚ್‌2ಎಸ್ ಬಾಟಲಿ ಇದೆ. ಗುರುತಿನ ತನಕ ನೀರು ತುಂಬಿಸಿ ಬೆಚ್ಚಗಿನ ಜಾಗದಲ್ಲಿ ಇಡುವುದು. ಒಂದೆರಡು ದಿನದಲ್ಲಿ ಕಪ್ಪಾದರೆ ಮಲದ ಅಂಶ ಸೇರಿರುವ ಸಾಧ್ಯತೆ ಹೆಚ್ಚು, ಕುದಿಸದೆ ಕುಡಿಯಬಾರದು. ಪ್ರಯೋಗಾಲಯಕ್ಕೆ ಕೊಡುವಾಗ ಅವರು ಕೊಟ್ಟ ಬಾಟಲಿಯಲ್ಲೇ ಹಿಡಿಯಿರಿ. ಅದನ್ನು ತೊಳೆಯಬೇಡಿ, ಒಳಗೆ ಬೆರಳು ತಾಗಿಸಬೇಡಿ. ಐಸ್ ಜೊತೆ ಇಟ್ಟು ಅದೇ ದಿನ ತಲುಪಿಸಿ.

ಅಕ್ಕಪಕ್ಕದ ಮನೆಗಳಲ್ಲಿ ಒಟ್ಟಿಗೆ ಭೇದಿ ಅಥವಾ ಕಾಮಾಲೆ ಕಂಡರೆ?

ಎರಡು ಮೂರು ಮನೆ ಆದ ಕೂಡಲೇ ಆಶಾ ಕಾರ್ಯಕರ್ತೆಗೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ನೀರು ಬಿಡುವವರಿಗೆ ಒಟ್ಟಿಗೆ ತಿಳಿಸಿ. ಯಾರ ಮನೆ, ಯಾವ ನೀರು ಕುಡಿಯುತ್ತಾರೆ, ಯಾವ ದಿನ ಶುರುವಾಯಿತು ಎಂದು ಬರೆದಿಡಿ. ಒಂದೇ ಲೈನ್ ಅಥವಾ ಒಂದೇ ಬಾವಿ ಎಂದು ಗೊತ್ತಾದರೆ ಅರ್ಧ ಕೆಲಸ ಆದಂತೆ. ಭೇದಿಗೆ ಓಆರ್‌ಎಸ್ ಕೊಡಿ. ಪ್ಯಾಕೆಟ್ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಮಟ್ಟವಾಗಿ.

ಕಾಮಾಲೆಯ ವಿಷಯ ಬೇರೆ. ಹೆಪಟೈಟಿಸ್ ಎ ವೈರಸ್ ದೇಹ ಸೇರಿ ಲಕ್ಷಣ ಕಾಣಲು ಸಾಮಾನ್ಯವಾಗಿ ನಾಲ್ಕು ವಾರ ಬೇಕು. ಅಂದರೆ ಇವತ್ತು ಕಣ್ಣು ಹಳದಿಯಾದವರು ಸುಮಾರು ಒಂದು ತಿಂಗಳ ಹಿಂದೆ ಕೆಟ್ಟ ನೀರು ಕುಡಿದಿದ್ದಾರೆ. ಆ ಪೈಪನ್ನು ಈಗಾಗಲೇ ಸರಿ ಮಾಡಿದ್ದರೂ ಹೊಸ ರೋಗಿಗಳು ಇನ್ನೂ ಕೆಲವು ವಾರ ಬರಬಹುದು. ಅಷ್ಟು ದಿನವೂ ಎಲ್ಲರೂ ಕುದಿಸಿಯೇ ಕುಡಿಯಬೇಕು, ಮದುವೆ, ನೇಮ, ಭೂತಕೋಲದ ಊಟದ ಪಾನಕ, ಮಜ್ಜಿಗೆಗೂ ಕುದಿಸಿದ ನೀರೇ ಬಳಸಬೇಕು. ಮನೆಯಲ್ಲಿ ಗರ್ಭಿಣಿ ಇದ್ದರೆ ಇನ್ನೂ ಹೆಚ್ಚು ಜಾಗ್ರತೆ. ನೀರಿನಿಂದಲೇ ಹರಡುವ ಹೆಪಟೈಟಿಸ್ ಇ ಗರ್ಭಿಣಿಯರಿಗೆ ಪ್ರಾಣಕ್ಕೆ ಅಪಾಯ ತರಬಲ್ಲದು. ಕಣ್ಣು ಅಥವಾ ಮೂತ್ರ ಹಳದಿ ಕಂಡರೆ ನಾಟಿ ಮದ್ದಿಗೆ ಕಾಯದೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.